ಟೋನಿ ಬೆನ್: ಬದುಕು, ರಾಜಕೀಯ, ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿನ ಎಡಪಂಥದ ಮಾತು ಬಂದಾಗಲೆಲ್ಲ ಟೋನಿ ಬೆನ್ ಹೆಸರು ಬಂದೇ ಬರುತ್ತದೆ. ಅವರ ಭಾಷಣದ ತುಣುಕುಗಳು ಇವತ್ತಿಗೂ ಫೋನಿಂದ ಫೋನಿಗೆ ಹರಿದಾಡುತ್ತವೆ. ಆದರೆ ಎರಡು ನಿಮಿಷದ ತುಣುಕಿನಲ್ಲಿ ಪೂರ್ತಿ ಮನುಷ್ಯ ಸಿಗುವುದಿಲ್ಲ. ಅವರ ಬಗ್ಗೆ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕೆಲವಕ್ಕೆ ನಾಲ್ಕು ಸಾಲು ಸಾಕು, ಕೆಲವಕ್ಕೆ ಕಥೆಯನ್ನೇ ಹೇಳಬೇಕು.

ಚಿಕ್ಕದಾಗಿ ಹೇಳಿ, ಟೋನಿ ಬೆನ್ ಯಾರು?

ಲೇಬರ್ ಪಕ್ಷದ ಸಂಸದ, ಮಂತ್ರಿ, ಯುದ್ಧ ವಿರೋಧಿ ಹೋರಾಟಗಾರ, ಜೀವನಪೂರ್ತಿ ಡೈರಿ ಬರೆದವರು. ಹುಟ್ಟಿದ್ದು 1925ರ ಏಪ್ರಿಲ್ 3ರಂದು ಲಂಡನ್ನಿನಲ್ಲಿ. ತೀರಿಕೊಂಡಿದ್ದು 2014ರ ಮಾರ್ಚ್ 14ರಂದು, 88ನೇ ವಯಸ್ಸಿನಲ್ಲಿ. 1950ರಿಂದ 2001ರವರೆಗೆ, ನಡುವೆ ಎರಡು ಸಲ ಹೊರಗಿದ್ದದ್ದು ಬಿಟ್ಟರೆ, ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನಲ್ಲೇ ಇದ್ದರು.

ನನಗೆ ಅವರಲ್ಲಿ ಎದ್ದು ಕಾಣುವುದು ಒಂದು ವಿಷಯ. ಅಧಿಕಾರ ಸಿಕ್ಕ ಮೇಲೆ ರಾಜಕಾರಣಿಗಳು ಮೆತ್ತಗಾಗುವುದೇ ಜಾಸ್ತಿ, ಅಲ್ವಾ? ಬೆನ್ ಉಲ್ಟಾ. ಸರ್ಕಾರವನ್ನು ಒಳಗಿನಿಂದ ನೋಡಿದಷ್ಟೂ ಅವರು ಇನ್ನೂ ಎಡಕ್ಕೆ ಹೋದರು. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಯ ಸುತ್ತಲೇ ಇವೆ.

ಅವರು ಶ್ರೀಮಂತರ ಮನೆಯವರಾ?

ಹೌದು, ಅನುಕೂಲಸ್ಥ ರಾಜಕೀಯ ಮನೆತನ. ಅಜ್ಜಂದಿರಿಬ್ಬರೂ ಸಂಸದರು. ಅಪ್ಪ ವಿಲಿಯಂ ವೆಜ್‌ವುಡ್ ಬೆನ್ ಮೊದಲು ಲಿಬರಲ್ ಪಕ್ಷದಲ್ಲಿದ್ದು, 1927ರಲ್ಲಿ ಲೇಬರ್ ಸೇರಿದರು. ಅಮ್ಮ ಮಾರ್ಗರೆಟ್ ದೇವತಾಶಾಸ್ತ್ರ ಓದಿಕೊಂಡವರು. ಹೆಂಗಸರೂ ಚರ್ಚಿನಲ್ಲಿ ಪಾದ್ರಿಗಳಾಗಬೇಕು ಎಂದು ಹೋರಾಡಿದವರು. ಮಗ ಓದಿದ್ದು ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ, ಆಮೇಲೆ ಆಕ್ಸ್‌ಫರ್ಡಿನ ನ್ಯೂ ಕಾಲೇಜಿನಲ್ಲಿ. ಎರಡನೇ ಮಹಾಯುದ್ಧದಲ್ಲಿ ವಾಯುಪಡೆ ಸೇರಿ ವಿಮಾನ ಹಾರಿಸುವುದನ್ನು ಕಲಿತರು. ಅದೇ ಯುದ್ಧದಲ್ಲಿ, 1944ರಲ್ಲಿ, ವಾಯುಪಡೆಯಲ್ಲೇ ಇದ್ದ ಅಣ್ಣ ಮೈಕಲ್ ತೀರಿಕೊಂಡರು. ಆ ಸಾವು ಬೆನ್ ಅವರನ್ನು ಕೊನೆತನಕ ಕಾಡಿತು. ಅವರ ರಾಜಕೀಯದ ದಾರಿಯನ್ನೂ ತಿರುಗಿಸಿತು. ಹೇಗೆ ಅನ್ನೋದನ್ನು ಮುಂದೆ ಹೇಳುತ್ತೇನೆ.

ಅವರ ಸಮಾಜವಾದ ಪುಸ್ತಕ ಓದಿ ಬಂದದ್ದಕ್ಕಿಂತ ಅಮ್ಮ ಹೇಳುತ್ತಿದ್ದ ಬೈಬಲ್ ಕಥೆಗಳಿಂದ ಬಂದದ್ದು. ರಾಜರಿಗೂ ಪ್ರವಾದಿಗಳಿಗೂ ನಡೆದ ಜಗಳದಲ್ಲಿ ಪ್ರವಾದಿಗಳ ಕಡೆ ನಿಲ್ಲಬೇಕೆಂದು ಅಮ್ಮ ಕಲಿಸಿದ್ದರು. ಮಾರ್ಕ್ಸ್‌ನನ್ನು ಅವರು ಗಂಭೀರವಾಗಿ ಓದಿದ್ದು ಮಂತ್ರಿಯಾಗಿ ವರ್ಷಗಳಾದ ಮೇಲೆ.

ಭಾರತದ ಜೊತೆ ಅವರಿಗೆ ಏನು ನಂಟು?

ಅಪ್ಪ 1929ರಿಂದ 1931ರವರೆಗೆ ಭಾರತ ಖಾತೆಯ ಮಂತ್ರಿಯಾಗಿದ್ದರು. ಉಪ್ಪಿನ ಸತ್ಯಾಗ್ರಹ ನಡೆದದ್ದು, ಗಾಂಧೀಜಿ ಸೇರಿ ಸಾವಿರಾರು ಜನ ಜೈಲಿಗೆ ಹೋದದ್ದು, ಗಾಂಧಿ–ಇರ್ವಿನ್ ಒಪ್ಪಂದ ಆದದ್ದು, ಎಲ್ಲ ಅವರ ಕಾಲದಲ್ಲೇ. ಭಾರತಕ್ಕೆ ಡೊಮಿನಿಯನ್ ಸ್ಥಾನ (ಸಾಮ್ರಾಜ್ಯದೊಳಗೇ ಸ್ವಯಮಾಡಳಿತ) ಕೊಡುವ ಮಾತಾಡಿದ್ದಕ್ಕೆ ಲಂಡನ್ನಿನಲ್ಲಿ ಅವರ ಮೇಲೆ ಹರಿಹಾಯ್ದವರಿದ್ದರು. ಆದರೆ ನಮ್ಮವರನ್ನು ಜೈಲಿಗೆ ಹಾಕಿದ ಆಡಳಿತದ ತುದಿಯಲ್ಲಿ ಕೂತಿದ್ದವರೂ ಅವರೇ. ಅದನ್ನು ಬದಿಗಿಟ್ಟು ಹೊಗಳುವುದು ಸರಿಯಲ್ಲ.

1931ರಲ್ಲಿ ದುಂಡು ಮೇಜಿನ ಪರಿಷತ್ತಿಗೆ ಗಾಂಧೀಜಿ ಲಂಡನ್ನಿಗೆ ಬಂದಾಗ ಪುಟ್ಟ ಟೋನಿಯನ್ನು ಅವರ ಬಳಿ ಕರೆದುಕೊಂಡು ಹೋಗಿದ್ದರು. ಆಗ ಆರು ವರ್ಷ. ದೊಡ್ಡವರ ಜೊತೆ ಮಾತ್ರ ಮಾತಾಡದೆ ತನ್ನನ್ನೂ ಹತ್ತಿರ ಕೂರಿಸಿಕೊಂಡರು ಎಂಬುದನ್ನು ಬೆನ್ ಮುದುಕರಾದ ಮೇಲೂ ಖುಷಿಯಿಂದ ನೆನೆಯುತ್ತಿದ್ದರು.

ಮುಂದೆ ವಸಾಹತುಗಳ ಸ್ವಾತಂತ್ರ್ಯಕ್ಕಾಗಿ 1954ರಲ್ಲಿ ಶುರುವಾದ ಚಳವಳಿಯಲ್ಲಿ ಬೆನ್ ಮುಂಚೂಣಿಯಲ್ಲಿದ್ದರು. ಅದನ್ನು ಕಟ್ಟಿದ ಫೆನರ್ ಬ್ರಾಕ್‌ವೇ ಹುಟ್ಟಿದ್ದು ಕಲ್ಕತ್ತದಲ್ಲಿ.

ಮೊದಲ ಸಲ ಸಂಸತ್ತಿಗೆ ಹೋಗಿದ್ದು ಯಾವಾಗ?

1950ರ ನವೆಂಬರ್ 30, ಬ್ರಿಸ್ಟಲ್ ಸೌತ್ ಈಸ್ಟ್ ಉಪಚುನಾವಣೆ. ಅಲ್ಲಿಯವರೆಗೆ ಆ ಕ್ಷೇತ್ರ ಸ್ಟ್ಯಾಫರ್ಡ್ ಕ್ರಿಪ್ಸ್ ಅವರದ್ದು. 1942ರಲ್ಲಿ ಭಾರತಕ್ಕೆ ಬಂದು ಬರಿಗೈಲಿ ಹೋದ ಕ್ರಿಪ್ಸ್ ಆಯೋಗದ ಕ್ರಿಪ್ಸ್ ಇವರೇ. ಕಾಯಿಲೆಯಿಂದ ಅವರು ರಾಜೀನಾಮೆ ಕೊಟ್ಟ ಜಾಗಕ್ಕೆ 25ರ ಹರೆಯದ ಬೆನ್ ಬಂದರು. ಅದಕ್ಕೂ ಮುಂಚೆ ಸ್ವಲ್ಪ ಕಾಲ ಬಿಬಿಸಿಯಲ್ಲಿ ಕೆಲಸ ಮಾಡಿದ್ದರು. ಮೈಕು, ಟೇಪು, ಕ್ಯಾಮೆರಾಗಳ ಸಲಿಗೆ ಅಲ್ಲಿಂದಲೇ ಬಂದದ್ದು.

ಚುನಾವಣೆ ಗೆದ್ದರೂ ಅವರನ್ನು ಸಂಸತ್ತಿನೊಳಗೆ ಬಿಡಲಿಲ್ಲವಂತೆ, ನಿಜವಾ?

ನಿಜ. ಅವರ ಬದುಕಿನ ದೊಡ್ಡ ತಿರುವು ಇದು.

ಅಪ್ಪನಿಗೆ 1942ರಲ್ಲಿ ವೈಕೌಂಟ್ ಸ್ಟ್ಯಾನ್ಸ್‌ಗೇಟ್ ಎಂಬ ಪದವಿ ಸಿಕ್ಕಿತ್ತು. ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಲೇಬರ್ ಪಕ್ಷದವರು ಕಮ್ಮಿ ಇದ್ದರು, ಸಂಖ್ಯೆ ಹೆಚ್ಚಿಸಲು ಕೊಟ್ಟದ್ದು. ಆದರೆ ಅದು ಅಪ್ಪನಿಂದ ಹಿರಿಮಗನಿಗೆ ಇಳಿಯುವ ವಂಶಪಾರಂಪರ್ಯದ ಪದವಿ. ಹಿರಿಮಗ ಮೈಕಲ್‌ಗೆ ಪಾದ್ರಿಯಾಗುವ ಆಸೆ, ಹಾಗಾಗಿ ಅವರಿಗೆ ತಕರಾರು ಇರಲಿಲ್ಲ. ಮೈಕಲ್ ತೀರಿಕೊಂಡ ಮೇಲೆ ಪದವಿಯ ವಾರಸುದಾರಿಕೆ ಟೋನಿಯ ತಲೆಗೆ ಬಂತು. ಲಾರ್ಡ್ ಆದವನು ಕಾಮನ್ಸ್‌ನಲ್ಲಿ ಕೂರುವಂತಿಲ್ಲ. ಬೇಡ ಎನ್ನಲು ಕಾನೂನಿನಲ್ಲಿ ದಾರಿಯೇ ಇಲ್ಲ.

ಬೆನ್ ಐವತ್ತರ ದಶಕದಲ್ಲೇ ಇದನ್ನು ಬಿಡಿಸಿಕೊಳ್ಳಲು ನೋಡಿದರು, ಆಗಲಿಲ್ಲ. 1960ರ ನವೆಂಬರ್‌ನಲ್ಲಿ ಅಪ್ಪ ತೀರಿಕೊಂಡರು. ಆ ಕ್ಷಣಕ್ಕೆ ಮಗನ ಸಂಸತ್ ಸ್ಥಾನವೂ ಹೋಯಿತು. ಅಪ್ಪನನ್ನು ಕಳೆದುಕೊಂಡ ದುಃಖ ಒಂದು ಕಡೆ, ಹತ್ತು ವರ್ಷ ಮಾಡಿದ ಕೆಲಸ ಕೈಬಿಟ್ಟದ್ದು ಇನ್ನೊಂದು ಕಡೆ.

ಖಾಲಿಯಾದ ಕ್ಷೇತ್ರಕ್ಕೆ 1961ರ ಮೇ 4ರಂದು ಉಪಚುನಾವಣೆ ನಡೆಯಿತು. ಅನರ್ಹ ಎಂದು ಗೊತ್ತಿದ್ದೂ ಬೆನ್ ಅದರಲ್ಲಿ ನಿಂತರು. ಬ್ರಿಸ್ಟಲ್ಲಿನ ಜನ ಅವರಿಗೆ 23,275 ಮತ ಕೊಟ್ಟರು. ಎದುರಾಳಿ ಕನ್ಸರ್ವೇಟಿವ್ ಪಕ್ಷದ ಮಾಲ್ಕಮ್ ಸೇಂಟ್ ಕ್ಲೇರ್‌ಗೆ ಬಂದದ್ದು 10,231. ಗೆದ್ದ ಬೆನ್ ಸಂಸತ್ತಿಗೆ ಹೋದರೆ ಬಾಗಿಲಲ್ಲೇ ತಡೆದರು. ಆಮೇಲೆ ಚುನಾವಣಾ ನ್ಯಾಯಾಲಯ ತೀರ್ಪು ಕೊಟ್ಟಿತು: ಬೆನ್ ಅನರ್ಹ ಎಂದು ಮತದಾರರಿಗೆ ಮೊದಲೇ ಗೊತ್ತಿತ್ತು, ಹಾಗಾಗಿ ಆ ಮತಗಳು ಲೆಕ್ಕಕ್ಕಿಲ್ಲ, ಸೋತವರೇ ಸಂಸದರು. ವಿಚಿತ್ರ ನೋಡಿ, ಆ ಸೇಂಟ್ ಕ್ಲೇರ್ ಕೂಡ ಇನ್ನೊಂದು ಲಾರ್ಡ್ ಪದವಿಯ ವಾರಸುದಾರರು!

ಬೆನ್ ಸುಮ್ಮನೆ ಕೂರಲಿಲ್ಲ. ವಿನ್‌ಸ್ಟನ್ ಚರ್ಚಿಲ್ ಕೂಡ ಈ ವಿಷಯದಲ್ಲಿ ಅವರ ಬೆನ್ನಿಗೆ ನಿಂತರು. ಕೊನೆಗೆ ಸರ್ಕಾರ ಮಣಿಯಿತು. ಲಾರ್ಡ್ ಪದವಿ ಬಿಟ್ಟುಕೊಡಲು ಅವಕಾಶ ಕೊಡುವ ಕಾನೂನು 1963ರ ಜುಲೈ 31ರ ಸಂಜೆ ಜಾರಿಗೆ ಬಂತು. ಅದೇ ಸಂಜೆ 6 ಗಂಟೆ 22 ನಿಮಿಷಕ್ಕೆ ಬೆನ್ ಪದವಿ ಬಿಟ್ಟರು. ಹಾಗೆ ಬಿಟ್ಟವರಲ್ಲಿ ಅವರೇ ಮೊದಲಿಗರು. ಸೇಂಟ್ ಕ್ಲೇರ್ ಕೊಟ್ಟ ಮಾತಿನಂತೆ ರಾಜೀನಾಮೆ ಕೊಟ್ಟರು, ಅದನ್ನು ಮೆಚ್ಚಲೇಬೇಕು. ಆಗಸ್ಟ್ 20ರ ಉಪಚುನಾವಣೆಯಲ್ಲಿ ಬೆನ್ ಸುಲಭವಾಗಿ ಗೆದ್ದು ವಾಪಸ್ ಬಂದರು.

ಅದೇ ಕಾನೂನಿನಿಂದ ಕೆಲವೇ ತಿಂಗಳಲ್ಲಿ ಲಾಭ ಆದದ್ದು ಎದುರು ಪಕ್ಷಕ್ಕೆ. ಕನ್ಸರ್ವೇಟಿವ್ ಪ್ರಧಾನಿಯಾದ ಅರ್ಲ್ ಆಫ್ ಹೋಮ್ ತಮ್ಮ ಪದವಿ ಬಿಟ್ಟು, ಅಲೆಕ್ ಡಗ್ಲಸ್-ಹೋಮ್ ಎಂಬ ಹೆಸರಿನಲ್ಲಿ ಕಾಮನ್ಸ್‌ಗೆ ಬಂದು ಕೂತರು.

ಬ್ರಿಸ್ಟಲ್ ಬಸ್ ಬಹಿಷ್ಕಾರದಲ್ಲಿ ಬೆನ್ ಪಾತ್ರ ಏನು?

ಹೋರಾಟ ಅವರದ್ದಲ್ಲ, ಬೆಂಬಲ ಅವರದ್ದು. ಈ ವ್ಯತ್ಯಾಸ ಮುಖ್ಯ.

ಬ್ರಿಸ್ಟಲ್ಲಿನ ಬಸ್ ಕಂಪನಿ ಕಪ್ಪು ಜನರನ್ನೂ ಏಷ್ಯಾದವರನ್ನೂ ಡ್ರೈವರ್, ಕಂಡಕ್ಟರ್ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅಲ್ಲಿನ ಕಾರ್ಮಿಕ ಸಂಘವೂ ಕಂಪನಿಯ ಕಡೆಯೇ ಇತ್ತು. 1963ರ ಏಪ್ರಿಲ್ ಕೊನೆಯಲ್ಲಿ ಪಾಲ್ ಸ್ಟೀಫನ್‌ಸನ್, ರಾಯ್ ಹ್ಯಾಕೆಟ್ ಮತ್ತು ಅವರ ಗೆಳೆಯರು ಬಸ್ ಹತ್ತಬೇಡಿ ಎಂದು ಕರೆ ಕೊಟ್ಟರು. ಆ ಹೊತ್ತಿಗೆ ಬೆನ್ ಸ್ಥಾನ ಕಳೆದುಕೊಂಡು ಹೊರಗಿದ್ದರು. ಆದರೂ ತಾನೂ ಬಸ್ ಹತ್ತುವುದಿಲ್ಲ, ಸೈಕಲ್ ಹುಡುಕಿಕೊಂಡಾದರೂ ಓಡಾಡುತ್ತೇನೆ ಎಂದು ಬಹಿರಂಗವಾಗಿ ಹೇಳಿದರು. ಪಕ್ಷದ ನಾಯಕ ಹೆರಾಲ್ಡ್ ವಿಲ್ಸನ್ ಕೂಡ ಬಣ್ಣಭೇದದ ವಿರುದ್ಧ ಮಾತಾಡಿದರು. ಆಗಸ್ಟ್ 28ರಂದು ಕಂಪನಿ ಮಣಿಯಿತು. ಸೆಪ್ಟೆಂಬರ್‌ನಲ್ಲಿ ಕೆಲಸಕ್ಕೆ ಸೇರಿದ ಮೊದಲ ಬಿಳಿಯರಲ್ಲದ ಕಂಡಕ್ಟರ್ ಒಬ್ಬ ಸಿಖ್, ರಘಬೀರ್ ಸಿಂಗ್.

ಓಟು ಹಾಕುವ ಬಿಳಿ ಕಾರ್ಮಿಕರಲ್ಲಿ ಹಲವರಿಗೆ ಇಷ್ಟವಿಲ್ಲದ ವಿಷಯದಲ್ಲಿ, ಅದೂ ಉಪಚುನಾವಣೆ ಎದುರಿಗಿದ್ದಾಗ, ಹೀಗೆ ನಿಲ್ಲುವುದಕ್ಕೆ ಗಟ್ಟಿತನ ಬೇಕು.

ಮಂತ್ರಿಯಾಗಿ ಏನು ಮಾಡಿದರು?

1964ರಲ್ಲಿ ವಿಲ್ಸನ್ ಸರ್ಕಾರ ಬಂದಾಗ ಬೆನ್ ಅಂಚೆ ಖಾತೆ ಮಂತ್ರಿ. ಲಂಡನ್ನಿನ ಅಂಚೆ ಗೋಪುರ ಆ ಕಾಲದಲ್ಲಿ ಶುರುವಾದದ್ದು. ಅದರ ಮೇಲಿನ ತಿರುಗುವ ಹೋಟೆಲನ್ನು 1966ರಲ್ಲಿ ಸಾರ್ವಜನಿಕರಿಗೆ ತೆರೆದವರಲ್ಲಿ ಅವರೂ ಒಬ್ಬರು.

ನನಗೆ ಇಷ್ಟವಾದದ್ದು ಸ್ಟಾಂಪಿನ ಪ್ರಸಂಗ. ಪ್ರತಿ ಸ್ಟಾಂಪಿನಲ್ಲೂ ರಾಣಿಯ ತಲೆ ದೊಡ್ಡದಾಗಿ ಇರಲೇಬೇಕಿತ್ತು. ಚಿತ್ರಕ್ಕೆ ಜಾಗವೇ ಉಳಿಯುತ್ತಿರಲಿಲ್ಲ. ಬೆನ್ ಚಿತ್ರಕಾರ ಡೇವಿಡ್ ಜೆಂಟಲ್‌ಮನ್ ಅವರಿಂದ ರಾಣಿಯ ತಲೆ ಇಲ್ಲದ ಮಾದರಿಗಳನ್ನು ಮಾಡಿಸಿದರು. 1965ರ ಮಾರ್ಚ್‌ನಲ್ಲಿ ಬಕಿಂಗ್‌ಹ್ಯಾಮ್ ಅರಮನೆಗೆ ಹೋಗಿ, ಮಂಡಿಯೂರಿ, ರಾಣಿಯ ಮುಂದೆ ನೆಲದ ಮೇಲೆ ಒಂದೊಂದಾಗಿ ಹರಡಿ ತೋರಿಸಿದರು. ರಾಣಿ ನಗುತ್ತಾ ನೋಡಿದರು. ಅರಮನೆಯವರು ಆಮೇಲೆ ಮೆಲ್ಲಗೆ ತಡೆದರು. ಕೊನೆಗೆ ಆದ ರಾಜಿಯೆಂದರೆ, ಮೂಲೆಯಲ್ಲಿ ರಾಣಿಯ ತಲೆಯ ಪುಟ್ಟ ನೆರಳುಚಿತ್ರ. ಬ್ರಿಟನ್ನಿನ ವಿಶೇಷ ಸ್ಟಾಂಪುಗಳ ರೂಪ ಅಲ್ಲಿಂದ ಬದಲಾಯಿತು.

1966ರಿಂದ 1970ರವರೆಗೆ ತಂತ್ರಜ್ಞಾನ ಖಾತೆ. ಶಬ್ದಕ್ಕಿಂತ ವೇಗವಾಗಿ ಹಾರುವ ಕಾಂಕಾರ್ಡ್ ವಿಮಾನದ ಕೆಲಸವನ್ನು ಪಟ್ಟು ಹಿಡಿದು ಉಳಿಸಿದರು. ಅದನ್ನು ಕಟ್ಟುತ್ತಿದ್ದದ್ದು ಬ್ರಿಸ್ಟಲ್ ಪಕ್ಕದ ಫಿಲ್ಟನ್‌ನಲ್ಲಿ, ಅಂದರೆ ಅವರ ಮತದಾರರ ಅನ್ನದ ಪ್ರಶ್ನೆಯೂ ಅದರಲ್ಲಿತ್ತು. ಆಗ ಅವರು ಪರಮಾಣು ವಿದ್ಯುತ್ತಿನ ಪರ. ಇಂಧನ ಮಂತ್ರಿಯಾಗಿ ಒಳಗಿನ ವ್ಯವಹಾರ ನೋಡಿದ ಮೇಲೆ ವಿರೋಧಿಯಾದರು.

ಹಾಗಾದರೆ ಎಡಕ್ಕೆ ತಿರುಗಿದ್ದು ಯಾವಾಗ, ಯಾಕೆ?

ಒಂದೇ ದಿನದಲ್ಲಿ ಆದದ್ದಲ್ಲ. ಅರವತ್ತರ ದಶಕದ ಬೆನ್ ಯಂತ್ರ, ಯೋಜನೆ, ಆಧುನಿಕತೆ ಎಂದು ಓಡಾಡುತ್ತಿದ್ದ ಮಂತ್ರಿ. 1970ರಲ್ಲಿ ಸರ್ಕಾರ ಸೋತಿತು. ಮರುವರ್ಷ ಸ್ಕಾಟ್ಲೆಂಡಿನ ಕ್ಲೈಡ್ ನದಿಯ ಹಡಗುಕಟ್ಟೆಗಳು ಮುಚ್ಚುವ ಸ್ಥಿತಿಗೆ ಬಂದವು. ಕಾರ್ಮಿಕರು ಮುಷ್ಕರ ಮಾಡಲಿಲ್ಲ. ಕಟ್ಟೆಯನ್ನು ತಾವೇ ಹಿಡಿದು ಕೆಲಸ ಮುಂದುವರಿಸಿದರು. ಬೆನ್ ಅವರ ಜೊತೆ ಮೆರವಣಿಗೆಯಲ್ಲಿ ನಡೆದರು. ಕಾರ್ಖಾನೆ ನಡೆಸುವುದು ಕಾರ್ಮಿಕರಿಗೂ ಗೊತ್ತು ಎಂಬ ನಂಬಿಕೆ ಅಲ್ಲಿ ಬೇರು ಬಿಟ್ಟಿತು. ಆಂಥನಿ ವೆಜ್‌ವುಡ್ ಬೆನ್ ಎಂಬ ಉದ್ದ ಹೆಸರನ್ನು ಬಿಟ್ಟು ಬರೀ ಟೋನಿ ಬೆನ್ ಆದದ್ದೂ ಈ ವರ್ಷಗಳಲ್ಲೇ.

ಆಮೇಲೆ ಮತ್ತೆ ಮಂತ್ರಿಯಾದಾಗ ಕಂಡದ್ದು ಇನ್ನೂ ಕಹಿ. ಜನ ಓಟು ಹಾಕಿ ಕಳಿಸಿದ್ದಾರೆ, ಪ್ರಣಾಳಿಕೆ ಇದೆ, ಆದರೂ ಕೆಲಸ ನಡೆಯುವುದಿಲ್ಲ. ಅಧಿಕಾರಿಗಳು ಫೈಲು ತಡೆಯುತ್ತಾರೆ. ಬಂಡವಾಳದವರು ಹೆದರಿಸುತ್ತಾರೆ. ಪತ್ರಿಕೆಗಳ ಮಾಲೀಕರು ದಾಳಿ ಮಾಡುತ್ತಾರೆ. 1976ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ (ಐಎಂಎಫ್) 390 ಕೋಟಿ ಡಾಲರ್ ಸಾಲ ಪಡೆಯಲು ಸರ್ಕಾರ ಖರ್ಚು ಕಡಿತಕ್ಕೆ ಒಪ್ಪಿತು. ಸಂಪುಟದಲ್ಲಿ ಬೆನ್ ವಿರೋಧಿಸಿದರು. 1931ರಲ್ಲಿ ಇಂಥದ್ದೇ ಕಡಿತದ ವಿಷಯದಲ್ಲಿ ಲೇಬರ್ ಸರ್ಕಾರ ಬಿದ್ದಿತ್ತು. ಆ ಸಂಪುಟದ ನಡಾವಳಿಯ ಪ್ರತಿ ತೆಗೆಸಿ ಸಹಮಂತ್ರಿಗಳಿಗೆಲ್ಲ ಹಂಚಿದರು. ಆ 1931ರ ಸಂಪುಟದಲ್ಲಿ ಅವರ ಅಪ್ಪನೂ ಇದ್ದರು. ಆದರೂ ಬೆನ್ ಮಾತು ನಡೆಯಲಿಲ್ಲ.

"ವಯಸ್ಸಾದಂತೆ ಬೆನ್ ಎಳಸಾಗುತ್ತಿದ್ದಾನೆ" ಎಂದು ವಿಲ್ಸನ್ ಮೂದಲಿಸಿದ್ದರು. ನಾನು ಒಪ್ಪುವುದಿಲ್ಲ. ಹನ್ನೊಂದು ವರ್ಷ ಮಂತ್ರಿಗಿರಿ ಮಾಡಿ, ಓಟಿಗೂ ಅಧಿಕಾರಕ್ಕೂ ನಡುವೆ ಎಷ್ಟು ದೂರ ಇದೆ ಎಂದು ಕಣ್ಣಾರೆ ಕಂಡು ಬಂದ ತೀರ್ಮಾನವನ್ನು ಎಳಸುತನ ಎನ್ನಲು ಆಗುತ್ತದಾ?

ಕಾರ್ಮಿಕರೇ ನಡೆಸುವ ಕಾರ್ಖಾನೆಗಳ ಪ್ರಯೋಗ ಏನಾಯಿತು?

1974ರಲ್ಲಿ ಕೈಗಾರಿಕಾ ಮಂತ್ರಿಯಾದಾಗ ಮೂರು ಸಹಕಾರಿ ಸಂಸ್ಥೆಗಳಿಗೆ ಸರ್ಕಾರದ ಹಣ ಕೊಡಿಸಿದರು. ಗ್ಲಾಸ್ಗೋದ ಒಂದು ದಿನಪತ್ರಿಕೆ, ಲಿವರ್‌ಪೂಲ್ ಹತ್ತಿರ ಕರ್ಕ್‌ಬಿಯ ಒಂದು ಕಾರ್ಖಾನೆ, ಕೊವೆಂಟ್ರಿ ಹತ್ತಿರದ ಮೆರಿಡನ್‌ನ ಟ್ರಯಂಫ್ ಮೋಟಾರ್‌ಸೈಕಲ್ ಕಾರ್ಖಾನೆ.

ಪತ್ರಿಕೆ ತಿಂಗಳುಗಳಲ್ಲೇ ನಿಂತಿತು. ಕರ್ಕ್‌ಬಿ ಕೆಲವು ವರ್ಷ ನಡೆಯಿತು. ಮೆರಿಡನ್ 1983ರವರೆಗೆ ಉಸಿರು ಹಿಡಿಯಿತು. ಮಾಲೀಕರು ಮುಚ್ಚಬೇಕೆಂದಿದ್ದ ಕಾರ್ಖಾನೆಯ ಗೇಟನ್ನು ಕಾರ್ಮಿಕರು ಹಿಡಿದು ಕೂತು ಉಳಿಸಿಕೊಂಡಿದ್ದರು. ಹಳೇ ಯಂತ್ರ, ಹಳೇ ಮಾದರಿ, ಎದುರಿಗೆ ಜಪಾನಿನ ಬೈಕುಗಳು. ಮೂರೂ ಸೋತವು ಅನ್ನುವವರಿದ್ದಾರೆ. ಮುಳುಗುತ್ತಿದ್ದ ಹಡಗನ್ನೇ ಕೈಗೆ ಕೊಟ್ಟು ಈಜು ಪರೀಕ್ಷೆ ಮಾಡಿದ ಹಾಗಾಯಿತು ಅದು. ಲಾಭದಲ್ಲಿದ್ದ ಒಂದು ಕಾರ್ಖಾನೆಯಲ್ಲಿ ಈ ಪ್ರಯೋಗ ನಡೆದಿದ್ದರೆ ನ್ಯಾಯವಾಗಿ ಅಳೆಯಬಹುದಿತ್ತು.

ಎಡಪಂಥೀಯರಾಗಿ ಯುರೋಪ್ ಒಕ್ಕೂಟವನ್ನು ವಿರೋಧಿಸಿದ್ದು ಯಾಕೆ?

ಅವರ ತಕರಾರು ವಲಸಿಗರ ಬಗ್ಗೆ ಅಲ್ಲ, ಬೇರೆ ದೇಶದವರ ಬಗ್ಗೆಯೂ ಅಲ್ಲ. ಕಾನೂನು ಮಾಡುವವರನ್ನು ಜನ ಓಟು ಹಾಕಿ ಇಳಿಸಲು ಆಗಬೇಕು, ಒಕ್ಕೂಟದ ಆಡಳಿತ ಕೇಂದ್ರವಾದ ಬ್ರಸೆಲ್ಸ್‌ನ ಆಯುಕ್ತರನ್ನು ಹಾಗೆ ಇಳಿಸಲು ಆಗುವುದಿಲ್ಲ ಎಂಬುದೇ ಅವರ ವಾದ. ಜನಮತಗಣನೆ ಆಗಲಿ ಎಂದು ಪಕ್ಷದೊಳಗೆ ಹಟ ಹಿಡಿದವರೂ ಅವರೇ. 1975ರ ಜೂನ್ 5ರಂದು ಅದು ನಡೆಯಿತು. ಶೇಕಡಾ 67ರಷ್ಟು ಜನ ಒಳಗೇ ಇರೋಣ ಎಂದರು. ಬೆನ್ ಸೋಲು ಒಪ್ಪಿಕೊಂಡರು. ಕೆಲವೇ ದಿನಗಳಲ್ಲಿ ಪ್ರಧಾನಿ ವಿಲ್ಸನ್, ಬೆನ್ ಅವರನ್ನು ಕೈಗಾರಿಕಾ ಖಾತೆಯಿಂದ ಇಂಧನ ಖಾತೆಗೆ ಎತ್ತಿಹಾಕಿದರು.

ಯುರೋಪ್ ಒಕ್ಕೂಟ ಬಿಡುವ ಬಗ್ಗೆ 2016ರಲ್ಲಿ ನಡೆದ ಬ್ರೆಕ್ಸಿಟ್ ಮತದಾನದ ಹೊತ್ತಿಗೆ ಬೆನ್ ಬದುಕಿರಲಿಲ್ಲ. ಅವರು ಯಾವ ಕಡೆ ಇರುತ್ತಿದ್ದರು ಎಂದು ಎರಡೂ ಕಡೆಯವರು ಎಳೆದಾಡುತ್ತಾರೆ. ಸತ್ತವರ ಬಾಯಲ್ಲಿ ಮಾತು ತುರುಕುವುದು ಬೇಡ.

1981ರ ಉಪನಾಯಕನ ಚುನಾವಣೆ ಯಾಕೆ ಅಷ್ಟು ದೊಡ್ಡ ವಿಷಯ?

ಕೂದಲೆಳೆಯಲ್ಲಿ ಸೋತದ್ದಕ್ಕೆ. 1979ರಲ್ಲಿ ಮಾರ್ಗರೆಟ್ ಥ್ಯಾಚರ್ ಗೆದ್ದ ಮೇಲೆ ಲೇಬರ್ ಒಳಗೆ ದೊಡ್ಡ ಜಗಳ ಶುರುವಾಯಿತು. ಅಲ್ಲಿಯವರೆಗೆ ನಾಯಕನನ್ನು ಸಂಸದರು ಮಾತ್ರ ಆರಿಸುತ್ತಿದ್ದರು. ಸದಸ್ಯರಿಗೂ ಕಾರ್ಮಿಕ ಸಂಘಗಳಿಗೂ ಪಾಲು ಬೇಕೆಂದು ಬೆನ್ ಬಣ ಹೋರಾಡಿ ಗೆದ್ದಿತು. ಇದನ್ನು ಸಹಿಸದ ಕೆಲವು ಹಿರಿಯರು 1981ರಲ್ಲಿ ಪಕ್ಷ ಬಿಟ್ಟು ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಕಟ್ಟಿದರು.

ನಾಯಕ ಮೈಕಲ್ ಫುಟ್ ಬೇಡ ಎಂದು ಕೇಳಿಕೊಂಡರೂ ಬೆನ್ ಉಪನಾಯಕನ ಸ್ಥಾನಕ್ಕೆ ನಿಂತರು. ಘೋಷಣೆ ಮಾಡಿದ್ದು ಏಪ್ರಿಲ್ 2ರ ಬೆಳಗಿನ ಜಾವ ಮೂರೂವರೆಗೆ. ಬೇಸಿಗೆಯಲ್ಲಿ ಗಿಯನ್-ಬಾರೆ ಎಂಬ ನರಗಳ ಕಾಯಿಲೆ ಬಂದು ಆಸ್ಪತ್ರೆ ಸೇರಿದರು. "ಬ್ರಿಟನ್ನಿನ ಅತಿ ಅಪಾಯಕಾರಿ ಮನುಷ್ಯ ಇವರೇನಾ" ಎಂದು ಒಂದು ಪತ್ರಿಕೆ ಕೇಳಿತು. ಸೆಪ್ಟೆಂಬರ್ 27, ಬ್ರೈಟನ್. ಎದುರಾಳಿ ಡೆನಿಸ್ ಹೀಲಿಗೆ ಶೇಕಡಾ 50.426. ಬೆನ್‌ಗೆ 49.574. ಒಂದು ಶೇಕಡಾ ಕೂಡ ಅಂತರವಿಲ್ಲ. ಪಕ್ಷದ ಎಡಬಣದವರೇ ಆದ ನೀಲ್ ಕಿನ್ನಕ್ ಮತ್ತಿತರ ಕೆಲವು ಸಂಸದರು ಕೊನೆಯ ಸುತ್ತಿನಲ್ಲಿ ಮತ ಹಾಕದೆ ಉಳಿದದ್ದೇ ಫಲಿತಾಂಶ ತೀರ್ಮಾನಿಸಿತು.

ಪಕ್ಷ ಒಡೆದವರು, ಥ್ಯಾಚರ್‌ಗೆ ದಾರಿ ಮಾಡಿಕೊಟ್ಟವರು ಬೆನ್ ಎನ್ನುತ್ತಾರಲ್ಲ?

ಇದರಲ್ಲಿ ಸ್ವಲ್ಪ ಸತ್ಯ ಇದೆ. ನಿರುದ್ಯೋಗ ಏರುತ್ತಿದ್ದಾಗ, ಥ್ಯಾಚರ್ ಜನಪ್ರಿಯತೆ ಕುಸಿದಿದ್ದಾಗ, ಲೇಬರ್ ಆರು ತಿಂಗಳು ತನ್ನೊಳಗೇ ಹೊಡೆದಾಡಿತು. ಆ ಸ್ಪರ್ಧೆಗೆ ಅದು ಸಮಯವಲ್ಲ ಎಂದು ಫುಟ್ ಹೇಳಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಪಕ್ಷ ಬಿಟ್ಟು ಹೋಗಿ ಮತ ಒಡೆದವರು ಬೆನ್ ಅಲ್ಲ, ಎದುರು ಬಣದವರು. ಪಕ್ಷದೊಳಗೆ ಸೋತಾಗಲೆಲ್ಲ ಬೆನ್ ಅಲ್ಲೇ ಉಳಿದರು. 1983ರಲ್ಲಿ ಲೇಬರ್‌ಗೆ ಸಿಕ್ಕಿದ್ದು ಶೇಕಡಾ 27.6 ಮತ, 209 ಸ್ಥಾನ. ಕ್ಷೇತ್ರ ಮರುವಿಂಗಡಣೆಯಲ್ಲಿ ಹಳೇ ಕ್ಷೇತ್ರ ಮಾಯವಾಗಿ, ಬ್ರಿಸ್ಟಲ್ ಈಸ್ಟ್‌ನಲ್ಲಿ ನಿಂತ ಬೆನ್ ಕೂಡ ಸೋತರು. ಗೆಲ್ಲಬಹುದಾದ ಬೇರೆ ಸೀಟು ಹುಡುಕಿಕೊಳ್ಳಬಹುದಿತ್ತು. ಬ್ರಿಸ್ಟಲ್ ಜನರನ್ನು ಬಿಟ್ಟು ಹೋಗಲು ಅವರು ಒಪ್ಪಲಿಲ್ಲ. ಸಂಸತ್ತಿನಲ್ಲಿ ಇಲ್ಲದ್ದರಿಂದ ಆ ವರ್ಷದ ನಾಯಕತ್ವದ ಸ್ಪರ್ಧೆಯೂ ತಪ್ಪಿತು, ಕಿನ್ನಕ್ ನಾಯಕರಾದರು.

1988ರಲ್ಲಿ ಕಿನ್ನಕ್ ವಿರುದ್ಧ ನಿಂತಾಗ ಬಂದದ್ದು ಶೇಕಡಾ 11ರ ಆಸುಪಾಸು. ಹೊತ್ತು ಮೀರಿತ್ತು.

ಗಣಿ ಕಾರ್ಮಿಕರ ಮುಷ್ಕರದಲ್ಲಿ ಅವರು ಎಲ್ಲಿದ್ದರು?

ನಟ್ಟನಡುವೆ. 1984ರ ಮಾರ್ಚ್ 1ರಂದು ಡರ್ಬಿಶೈರ್‌ನ ಗಣಿನಾಡು ಚೆಸ್ಟರ್‌ಫೀಲ್ಡ್‌ನಿಂದ ಉಪಚುನಾವಣೆ ಗೆದ್ದರು. ಕೆಲವೇ ದಿನಗಳಲ್ಲಿ ಮುಷ್ಕರ ಶುರುವಾಯಿತು. ಒಂದು ವರ್ಷ ನಡೆಯಿತು. ಪಕ್ಷದ ನಾಯಕರು ಅಳೆದು ತೂಗಿ ಮಾತಾಡುತ್ತಿದ್ದಾಗ ಬೆನ್ ವಾರಗಟ್ಟಲೆ ಸಭೆ, ಗಣಿಯ ಗೇಟಿನ ಮುಂದಿನ ಪಿಕೆಟ್ (ಮುಷ್ಕರದ ಕಾವಲು) ಸಾಲು, ಅಡುಗೆ ಕೇಂದ್ರ ಎಂದು ಓಡಾಡಿದರು. ಮುಷ್ಕರ ಸೋತಿತು. ಗಣಿಗಳು ಒಂದೊಂದಾಗಿ ಮುಚ್ಚಿದವು. ಚೆಸ್ಟರ್‌ಫೀಲ್ಡ್ ಜನ ಮಾತ್ರ 2001ರಲ್ಲಿ ಅವರು ತಾವಾಗಿ ನಿವೃತ್ತರಾಗುವವರೆಗೆ ಅವರನ್ನೇ ಕಳಿಸಿದರು.

ಅವರ "ಐದು ಪ್ರಶ್ನೆಗಳು" ಯಾವುವು?

ಅಧಿಕಾರದಲ್ಲಿರುವ ಯಾರನ್ನೇ ಕಂಡರೂ ಇವನ್ನು ಕೇಳಿ ಎನ್ನುತ್ತಿದ್ದರು. ನಿಮಗೆ ಏನು ಅಧಿಕಾರ ಇದೆ? ಅದು ಎಲ್ಲಿಂದ ಬಂತು? ಯಾರ ಹಿತಕ್ಕೆ ಬಳಸುತ್ತೀರಿ? ಯಾರಿಗೆ ಲೆಕ್ಕ ಕೊಡುತ್ತೀರಿ? ನಿಮ್ಮನ್ನು ಇಳಿಸುವುದು ಹೇಗೆ? ಕೊನೆಯದಕ್ಕೆ ಉತ್ತರ ಇಲ್ಲದಿದ್ದರೆ ಅದು ಪ್ರಜಾಪ್ರಭುತ್ವವಲ್ಲ ಎಂಬುದು ಅವರ ಮಾತು. ಲಾರ್ಡ್ ಪದವಿ, ಐಎಂಎಫ್, ಬ್ರಸೆಲ್ಸ್, ಹೀಗೆ ಅವರು ಕಾದಾಡಿದ್ದೆಲ್ಲ ಈ ಐದರಲ್ಲಿ ಅಡಗಿದೆ. 1991ರಲ್ಲಿ ರಾಜಪ್ರಭುತ್ವವನ್ನೇ ತೆಗೆದುಹಾಕುವ ಮಸೂದೆಯನ್ನೂ ಮಂಡಿಸಿದರು. ಅದು ಮುಂದೆ ಸಾಗಲಿಲ್ಲ.

ಪೊರಕೆ ಕೋಣೆಯಲ್ಲಿ ಫಲಕ ಹಾಕಿದ ಕಥೆ ಏನು?

ಹೆಂಗಸರ ಮತದಾನದ ಹಕ್ಕಿಗೆ ಹೋರಾಡಿದ ಎಮಿಲಿ ವೈಲ್ಡಿಂಗ್ ಡೇವಿಸನ್, 1911ರ ಜನಗಣತಿಯ ರಾತ್ರಿ ಸಂಸತ್ ಭವನದ ಕೆಳಗಿನ ಚಾಪೆಲ್‌ನ (ಪ್ರಾರ್ಥನಾ ಮಂದಿರದ) ಪೊರಕೆ ಇಡುವ ಗೂಡಿನಲ್ಲಿ ಅಡಗಿ ಕೂತರು. ಗಣತಿಯಲ್ಲಿ ವಿಳಾಸ "ಹೌಸ್ ಆಫ್ ಕಾಮನ್ಸ್" ಎಂದು ದಾಖಲಾಗಲಿ ಎಂದು. ಹಾಗೇ ದಾಖಲಾಯಿತು ಕೂಡ. ಅದನ್ನು ನೆನೆಯುವ ಯಾವ ಗುರುತೂ ಅಲ್ಲಿರಲಿಲ್ಲ. ಬೆನ್ ಫಲಕ ಮಾಡಿಸಿ, ಸ್ಕ್ರೂಡ್ರೈವರ್ ಹಿಡಿದು ಹೋಗಿ, ಗೂಡಿನ ಬಾಗಿಲ ಹಿಂದೆ ತಾವೇ ಜಡಿದರು. ಅಪ್ಪಣೆಗೆ ಕಾಯಲಿಲ್ಲ. ಅದು ಇಂದಿಗೂ ಅಲ್ಲಿದೆ. 2014ರಲ್ಲಿ ಅಂತ್ಯಕ್ರಿಯೆಗೆ ಮುನ್ನ ಬೆನ್ ಪಾರ್ಥಿವ ಶರೀರವನ್ನು ಒಂದು ರಾತ್ರಿ ಇರಿಸಿದ್ದು ಇದೇ ಚಾಪೆಲ್‌ನಲ್ಲಿ.

ಸದ್ದಾಂ ಹುಸೇನ್‌ನನ್ನು ಭೇಟಿಯಾಗಿದ್ದು ಸರಿಯಾ?

ಬೆನ್ ಇರಾಕಿಗೆ ಎರಡು ಸಲ ಹೋದರು. 1990ರಲ್ಲಿ ಒತ್ತೆಯಾಳುಗಳ ಬಿಡುಗಡೆ ಕೇಳಲು, 2003ರ ಫೆಬ್ರವರಿಯಲ್ಲಿ ಯುದ್ಧ ತಪ್ಪಿಸಲು ಸಂದರ್ಶನ ಮಾಡಲು. ಮೊದಲನೆಯದು ಒಳ್ಳೆಯ ಕೆಲಸ. ಎರಡನೆಯದರಲ್ಲಿ ಪ್ರಶ್ನೆಗಳು ತೀರಾ ಮೆದು. ಸ್ವಂತ ಜನರನ್ನೇ ಕೊಂದ ಸರ್ವಾಧಿಕಾರಿಗೆ ಐದು ಪ್ರಶ್ನೆಗಳನ್ನು ನೇರವಾಗಿ ಕೇಳಬೇಕಿತ್ತು.

ಆದರೆ ಯುದ್ಧದ ಬಗ್ಗೆ ಅವರು ಹೇಳಿದ್ದು ನಿಜವಾಯಿತು. 1998ರ ಫೆಬ್ರವರಿಯಲ್ಲಿ ಇರಾಕ್ ಮೇಲೆ ಬಾಂಬ್ ಹಾಕುವ ಚರ್ಚೆ ಕಾಮನ್ಸ್‌ನಲ್ಲಿ ನಡೆದಾಗ, 1940ರಲ್ಲಿ ಜರ್ಮನ್ ಬಾಂಬ್‌ಗಳು ಲಂಡನ್ ಮೇಲೆ ಬಿದ್ದ ರಾತ್ರಿಗಳನ್ನು ನೆನೆದರು. ನಮಗೆ ಭಯವಾಗಿತ್ತು, ಅರಬರಿಗೆ, ಇರಾಕಿನವರಿಗೆ ಭಯ ಆಗುವುದಿಲ್ಲವೇ ಎಂದು ಕೇಳಿದರು. ಇಂದು ಹೆಚ್ಚು ಜನ ನೋಡುವ ತುಣುಕು ಅದೇ. ಕೊನೆಯ ವರ್ಷಗಳಲ್ಲಿ ಸ್ಟಾಪ್ ದ ವಾರ್ ಒಕ್ಕೂಟದ ಅಧ್ಯಕ್ಷರಾಗಿದ್ದರು.

ಮನೆಯವರ ಬಗ್ಗೆ ಹೇಳಿ.

ಹೆಂಡತಿ ಕ್ಯಾರೊಲಿನ್ ಅಮೆರಿಕದ ಸಿನ್ಸಿನಾಟಿಯವರು. ಭೇಟಿಯಾದ ಒಂಬತ್ತನೇ ದಿನಕ್ಕೆ ಆಕ್ಸ್‌ಫರ್ಡಿನ ಉದ್ಯಾನದ ಬೆಂಚಿನ ಮೇಲೆ ಮದುವೆಯ ಮಾತೆತ್ತಿದರು ಬೆನ್. ಮುಂದೆ ಆ ಬೆಂಚನ್ನೇ ನಗರಸಭೆಯಿಂದ ಕೊಂಡು ತಂದು ಲಂಡನ್ ಮನೆಯ ತೋಟದಲ್ಲಿಟ್ಟರು. 1949ರಲ್ಲಿ ಮದುವೆ. ಬಡವ, ಬಲ್ಲಿದ ಎನ್ನದೆ ಎಲ್ಲ ಮಕ್ಕಳೂ ಒಂದೇ ಶಾಲೆಗೆ ಹೋಗಬೇಕು ಎಂಬ ಚಳವಳಿಯಲ್ಲಿ ಕ್ಯಾರೊಲಿನ್ ದೊಡ್ಡ ಹೆಸರು. ತಮ್ಮ ಮಕ್ಕಳನ್ನೂ ಸರ್ಕಾರಿ ಶಾಲೆಗೇ ಕಳಿಸಿದರು. 2000ದಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಸಂಸತ್ತು ಬಿಟ್ಟು "ರಾಜಕೀಯಕ್ಕೆ ಜಾಸ್ತಿ ಸಮಯ ಕೊಡುತ್ತೇನೆ" ಎಂದು ಬೆನ್ ಹೇಳಿದ ಪ್ರಸಿದ್ಧ ಮಾತನ್ನು ಹೊಳೆಯಿಸಿಕೊಟ್ಟವರು ಕ್ಯಾರೊಲಿನ್.

ನಾಲ್ಕು ಮಕ್ಕಳು: ಸ್ಟೀಫನ್, ಹಿಲರಿ, ಮೆಲಿಸ್ಸಾ, ಜೋಶುವಾ. ಹಿಲರಿ ಬೆನ್ ಲೇಬರ್ ಸರ್ಕಾರಗಳಲ್ಲಿ ಮಂತ್ರಿಯಾದವರು, ಅಪ್ಪನಿಗಿಂತ ಮಧ್ಯಮ ಮಾರ್ಗದವರು. ಪದವಿ ಬಿಡುವುದು ಒಬ್ಬರ ಜೀವಮಾನಕ್ಕೆ ಮಾತ್ರ, ಹಾಗಾಗಿ ಅಪ್ಪನ ನಂತರ ಅದು ಸ್ಟೀಫನ್‌ಗೆ ಬಂತು. ಅವರು 2021ರಲ್ಲಿ ಲಾರ್ಡ್ಸ್ ಸೇರಿದರು.

ಜೆರೆಮಿ ಕಾರ್ಬಿನ್‌ಗೂ ಇವರಿಗೂ ಏನು ಸಂಬಂಧ?

ಹತ್ತಿರದ ಒಡನಾಟ. 1981ರ ಬೆನ್ ಪ್ರಚಾರದಲ್ಲಿ ಓಡಾಡಿದ ಕಾರ್ಬಿನ್ 1983ರಲ್ಲಿ ಸಂಸದರಾದರು. ದಶಕಗಳ ಕಾಲ ಒಂದೇ ಬೆಂಚು, ಒಂದೇ ಮೆರವಣಿಗೆ. ಕಾರ್ಬಿನ್ 2015ರಲ್ಲಿ ಪಕ್ಷದ ನಾಯಕರಾದದ್ದನ್ನು ನೋಡಲು ಬೆನ್ ಇರಲಿಲ್ಲ. ನಾಯಕನ ಆಯ್ಕೆ ಸಂಸದರ ಕೈಯಲ್ಲೇ ಇದ್ದಿದ್ದರೆ ಕಾರ್ಬಿನ್ ಗೆಲ್ಲುತ್ತಲೇ ಇರಲಿಲ್ಲ. ಆ ಬಾಗಿಲು ಮೊದಲು ತೆರೆದದ್ದು ಬೆನ್ ಬಣ.

ಬೆನ್ ಅವರನ್ನು ಓದಲು ಎಲ್ಲಿಂದ ಶುರು ಮಾಡಬೇಕು?

ಡೈರಿಗಳಿಂದ. ದಿನದ ಕೊನೆಗೆ ಟೇಪ್ ರೆಕಾರ್ಡರ್ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳುವುದು ಅವರ ರೂಢಿ. ಕೈಯಲ್ಲಿ ಪೈಪು, ಪಕ್ಕದಲ್ಲಿ ದೊಡ್ಡ ಮಗ್ಗಿನಲ್ಲಿ ಚಹಾ. ಮದ್ಯ ಮುಟ್ಟುತ್ತಿರಲಿಲ್ಲ, ಮಾಂಸವನ್ನೂ ನಡುವಯಸ್ಸಿನಲ್ಲಿ ಬಿಟ್ಟರು. ಆ ದಾಖಲೆಗಳು 1987ರಿಂದ ಸಂಪುಟಗಳಾಗಿ ಬಂದವು. ಸಂಪುಟ ಸಭೆಯಲ್ಲಿ ಯಾರು ಏನಂದರು, ಯಾರು ಮುಖ ಸಿಂಡರಿಸಿದರು ಎಂಬುದೂ ಅಲ್ಲಿದೆ. ಎಲ್ಲ ಸಂಪುಟ ಓದುವಷ್ಟು ಬಿಡುವಿಲ್ಲದಿದ್ದರೆ 1973ರಿಂದ 1979ರವರೆಗಿನ ವರ್ಷಗಳನ್ನು ಮೊದಲು ಹಿಡಿಯಿರಿ. ಆ ಕಾಲದಲ್ಲೇ ಅವರ ಮನಸ್ಸು ಬದಲಾದದ್ದು, ಪುಟದಿಂದ ಪುಟಕ್ಕೆ ಅದು ಕಾಣುತ್ತದೆ.

ದುಡ್ಡು ಕೊಡದೆ ಓದಬೇಕೆಂದರೆ ಸಂಸತ್ತಿನ ಅಧಿಕೃತ ವರದಿ ಹ್ಯಾನ್ಸಾರ್ಡ್ ಅಂತರ್ಜಾಲದಲ್ಲಿದೆ. 1998ರ ಫೆಬ್ರವರಿ 17ರ ಇರಾಕ್ ಭಾಷಣ ಮತ್ತು 2001ರ ಮಾರ್ಚ್ 22ರ ವಿದಾಯ ಭಾಷಣ ತೆಗೆದು ನೋಡಿ. ಐದು ಪ್ರಶ್ನೆಗಳು ಎರಡನೆಯದರಲ್ಲಿ ಸಿಗುತ್ತವೆ.